ತಟ್ಟೆಯಲ್ಲಿದ್ದ ಪುಡಿ

ಡಾಕ್ಟರು ತಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಫಾಯಿಲ್ ಹಾಳೆ, ಲೈಟರು, ಚಿಟಿಕೆಯಷ್ಟು ಬಿಳಿ ಪುಡಿ. ಕುರ್ಚಿಯಲ್ಲಿ ನಶೆ ಬಿಡಿಸುವ ಚಿಕಿತ್ಸೆಗೆ ಬಂದಿದ್ದ ಆಂಬುಲೆನ್ಸ್ ಡ್ರೈವರ್ ಕೂತಿದ್ದ. ಅವನೆದುರಿಗೆ ಆಸ್ಪತ್ರೆಗೆ ನೆರವು ಕೊಡಲು ಬಂದಿದ್ದ ಅತಿಥಿಗಳು, ಬಾಗಿಲ ಬಳಿ ಅವನ ಅಕ್ಕ.

"ಒಂದರಿಂದ ಹತ್ತರೊಳಗೆ ಹೇಳಿ. ಈಗ ಆಸೆ ಎಷ್ಟಿದೆ?"

"ಎರಡು," ಅಂದ.

ಅತಿಥಿಗಳು ಚಪ್ಪಾಳೆ ತಟ್ಟಿದರು. ಮಾತ್ರೆಯಿಲ್ಲ, ಸೂಜಿಯಿಲ್ಲ, ಕೊಯ್ಯುವುದಂತೂ ಇಲ್ಲವೇ ಇಲ್ಲ. ತಲೆಯ ಪಕ್ಕ ಯಂತ್ರದ ತಂತಿ ಸುರುಳಿ ಹಿಡಿದು ಅಯಸ್ಕಾಂತದ ಮಿಡಿತ ಕೊಟ್ಟರೆ ನಶೆಯ ಹಂಬಲ ತಗ್ಗುತ್ತದೆ ಎಂದು ಡಾಕ್ಟರು ವಿವರಿಸಿದರು. ಅದೇನೂ ಸುಳ್ಳಲ್ಲ. ಈ ಚಿಕಿತ್ಸೆ ಶುರುವಾದ ಮೇಲೆ ಡ್ರೈವರ್ ಹೊಟ್ಟೆ ತುಂಬ ಉಣ್ಣುತ್ತಿದ್ದ, ಕಣ್ತುಂಬ ನಿದ್ದೆ ಮಾಡುತ್ತಿದ್ದ. ಅಕ್ಕ ಕಪಾಟಿಗೆ ಬೀಗ ಹಾಕುವುದನ್ನೇ ಬಿಟ್ಟಿದ್ದಳು.

ಅಷ್ಟರಲ್ಲಿ ಅತಿಥಿಯೊಬ್ಬರು, ಫೋನಿನಲ್ಲಿ ವಿಡಿಯೋ ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಮಾಡಿಸಬಹುದೇ ಎಂದು ಕೇಳಿದರು. ಡಾಕ್ಟರು ನಗುತ್ತಲೇ ತಟ್ಟೆಯನ್ನು ಅವನ ಮೂಗಿನ ಹತ್ತಿರಕ್ಕೆ ತಂದರು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಚಪ್ಪಲಿಯ ಮೇಲೆ ಕಾಲ್ಬೆರಳುಗಳು ಮುದುಡಿದ್ದು ಅಕ್ಕನ ಕಣ್ಣಿಗೆ ಬಿತ್ತು.

ಅವಳು ನೆಟ್ಟಗೆ ಬಂದವಳೇ ತಟ್ಟೆಯನ್ನು ಕಿತ್ತುಕೊಂಡಳು.

"ಯಾಕಮ್ಮಾ ಗಾಬರಿ? ಅದು ಬರೀ ಗ್ಲೂಕೋಸ್," ಎಂದರು ಡಾಕ್ಟರು.

"ಅದು ನಿಮಗೆ ಗೊತ್ತು. ಅವನಿಗೆ ಹೇಳಿದ್ರಾ?"

ಹೇಳಿಬಿಟ್ಟರೆ ಪರೀಕ್ಷೆ ಹೇಗಾಗುತ್ತದೆ ಎಂದು ಡಾಕ್ಟರು ಗೊಣಗಿದರು. ಅಕ್ಕ ದನಿ ಏರಿಸಲಿಲ್ಲ. ಯಂತ್ರ ಒಳ್ಳೆಯದೇ, ನಾಳೆಯೂ ಕರೆತರುತ್ತೇನೆ. ಆದರೆ ನೀವು ನನ್ನ ತಮ್ಮನನ್ನು ಬಾಗಿಲು ಹಾಕಿದ ಕೋಣೆಯಲ್ಲಿ ನೋಡಬೇಕು, ನಾಲ್ಕು ಜನರ ಮುಂದೆ ಕೋತಿಯ ಹಾಗೆ ಕುಣಿಸಕೂಡದು ಎಂದಳು. ಆಮೇಲೆ ಆ ಅತಿಥಿಯ ಎದುರು ನಿಂತು, ತೆಗೆದ ವಿಡಿಯೋವನ್ನು ತನ್ನ ಕಣ್ಣ ಮುಂದೆಯೇ ಅಳಿಸುವವರೆಗೂ ಅಲ್ಲಾಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ತಮ್ಮ ಕುಸಿದು ಕೂತ. ಅವಳು ಪಕ್ಕದಲ್ಲಿ ಕೂತು, ಎರಡು ಅಂದದ್ದು ನಿಜವೇನೋ ಎಂದು ಮೆಲ್ಲಗೆ ಕೇಳಿದಳು.

"ಮೊದಲನೇ ಸಲ ನಿಜ ಅಕ್ಕಾ," ಅಂದ. "ಎರಡನೇ ಸಲ ಎಲ್ರೂ ನಗ್ತಾ ಕಾಯ್ತಿದ್ರಲ್ಲ, ಆಗ ಹತ್ತು."