ಬಡ್ಡಿಯಿಲ್ಲದ ದುಡ್ಡು

ಪಾಲುದಾರರ ದುಡ್ಡು ಬ್ಯಾಂಕ್ ಸಾಲಕ್ಕಿಂತ ದುಬಾರಿ ಎಂದು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ ಮೇಷ್ಟ್ರು, ಸ್ವಂತ ಬೇಕರಿ ತೆರೆಯುವ ಹೊತ್ತಿಗೆ ಅದನ್ನು ಪೂರ್ತಿ ಮರೆತಿದ್ದರು. ಬ್ಯಾಂಕಿನವರು ಹನ್ನೊಂದು ಪರ್ಸೆಂಟ್ ಬಡ್ಡಿ ಎಂದರು.

"ಬಡ್ಡಿಗಿಡ್ಡಿ ಏನೂ ಬೇಡ ಅಳಿಯಂದ್ರೇ, ಅರ್ಧ ಪಾಲು ಸಾಕು," ಎಂದರು ಮಾವ. ತಾನೆಷ್ಟು ಜಾಣನೆಂದು ಬೀಗುತ್ತಾ ಮೇಷ್ಟ್ರು ಚೆಕ್ಕನ್ನು ಜೇಬಿಗಿಳಿಸಿದರು.

ಬೇಕರಿ ತೆರೆದ ದಿನದಿಂದಲೇ ಮಾವ ಗಲ್ಲಾದ ಮೇಲೆಯೇ ಕೂತರು. "ಪಫ್ಸಿಗೆ ಇಷ್ಟೊಂದು ಈರುಳ್ಳಿ ಯಾಕೆ? ಮಧ್ಯಾಹ್ನ ಮಲಗಿದ್ರೆ ವ್ಯಾಪಾರ ಆಗುತ್ತಾ?" ಮನೆಯಲ್ಲಿ ಊಟದ ತಟ್ಟೆಯ ಮುಂದೆಯೂ ಅದೇ ವಿಚಾರಣೆ.

ಆರನೇ ತಿಂಗಳು ಮೇಷ್ಟ್ರು ಬ್ಯಾಂಕಿಗೆ ಓಡಿದರು. "ಹದಿನೆಂಟು ಪರ್ಸೆಂಟಾದ್ರೂ ಸರಿ ಸಾರ್, ಸಾಲ ಕೊಡಿ. ಮಾವನ ಪಾಲು ವಾಪಸ್ ಕೊಟ್ಟುಬಿಡ್ತೀನಿ."

"ಅದಕ್ಕೇನಂತೆ, ಧಾರಾಳವಾಗಿ ಕೊಡೋಣ," ಎಂದು ಮ್ಯಾನೇಜರು ಅರ್ಜಿ ಮುಂದಿಟ್ಟರು. "ಜಾಮೀನಿಗೆ ನಿಮ್ಮ ಮಾವನ ಕೈಲೊಂದು ಸಹಿ ಹಾಕಿಸ್ಕೊಂಡು ಬನ್ನಿ."