ಅರ್ಧಕ್ಕೆ ಒಪ್ಪಿದವಳು

ಕೆಲಸದಿಂದ ತೆಗೆದ ಆಯಾ ಯಲ್ಲಮ್ಮ ಮೊನ್ನೆಯಿಂದ ಆಸ್ಪತ್ರೆಯೊಳಗೇ ಸುಳಿದಾಡುತ್ತಿದ್ದಾಳೆ ಎಂದು ಸೆಕ್ಯುರಿಟಿಯವನು ಹೇಳಿದಾಗ ತಿರುಮಲೇಶನ ಕಿವಿ ನೆಟ್ಟಗಾಯಿತು. ಬನಶಂಕರಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಸಿಬ್ಬಂದಿಯ ವ್ಯವಹಾರವೆಲ್ಲ ಅವನದೇ. ಉಳಿದ ಆಯಾಗಳ ತಲೆ ಕೆಡಿಸಿ ಸ್ಟ್ರೈಕ್ ಮಾಡಿಸುತ್ತಾಳೆ, ಇನ್ನೇನು.

ಅವಳ ತಕರಾರು ಹಳೆಯದು. ರಾತ್ರಿ ಪಾಳಿಯ ಹೆಚ್ಚುವರಿ ಸಂಬಳ ಬಾಕಿ ಇತ್ತು. ಕೇಳಿದಳು, ಕೊಡಲಿಲ್ಲ. ಲೇಬರ್ ಆಫೀಸಿಗೆ ಅರ್ಜಿ ಹಾಕಿದಳು, ಕೆಲಸ ಹೋಯಿತು. ಹೋದ ತಿಂಗಳು ಬಂದು, "ಮನೆಯವ್ರಿಗೆ ಸ್ಕ್ಯಾನ್ ಮಾಡಿಸ್ಬೇಕು ಸಾರ್" ಎಂದಿದ್ದಳು. ಸಂಬಳ ಕೇಳುವವರ ಮನೆಯಲ್ಲೆಲ್ಲ ಯಾರಿಗಾದರೂ ಕಾಯಿಲೆ ಇದ್ದೇ ಇರುತ್ತದೆ. ಕೇಳಿ ಕೇಳಿ ತಿರುಮಲೇಶನ ಮನಸ್ಸು ಜಡ್ಡುಗಟ್ಟಿತ್ತು. ಅರ್ಧಕ್ಕೆ ಒಪ್ಪಿಕೋ ಎಂದ. "ಒಂದ್ ರೂಪಾಯಿನೂ ಬಿಡಲ್ಲ" ಎಂದು ಮೇಜು ಗುದ್ದಿ ಹೋಗಿದ್ದಳು.

ಇವತ್ತು ಕರೆಸುವ ಮೊದಲೇ ಅವಳೇ ಬಂದು ನಿಂತಳು. ನಿದ್ದೆಗೆಟ್ಟ ಕಣ್ಣು, ಮುದುರಿದ ಸೀರೆ.

"ಆ ಅರ್ಧಾನೇ ಕೊಡಿ ಸಾರ್."

ತಿರುಮಲೇಶನಿಗೆ ನಂಬಲಾಗಲಿಲ್ಲ. ಮುಕ್ಕಾಲು ಪಾಲಿನವರೆಗೂ ಹೋಗಬಹುದು ಎಂದು ಮಾಲೀಕರು ಹೇಳಿದ್ದರು. ಆ ಮಾತನ್ನು ನುಂಗಿಕೊಂಡ.

"ಕೇಸು?"

"ವಾಪಸ್ ತಗೋತೀನಿ."

"ಸರಿ, ನಾಳೆ ಬಾ, ಮಾಡೋಣ."

"ನಾಳೆಗೆ ಇಟ್ಕೊಳ್ಳೋ ವಿಷಯ ಅಲ್ಲ ಸಾರ್."

ತಾಳಿದವನು ಬಾಳಿಯಾನು ಎಂದು ಅವನ ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಗೆದ್ದ ಖುಷಿಗೆ ಎರಡು ಕಾಫಿ ತರಿಸಿದ. ಅವಳು ಲೋಟ ಮುಟ್ಟಲಿಲ್ಲ.

"ಇವತ್ತು ಬಾಯಿಗೇನೂ ಹಾಕೋ ಹಾಗಿಲ್ಲ."

ಶುಕ್ರವಾರ. ಅಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಹೊರಟಿರಬೇಕು ಎಂದುಕೊಂಡ. ಕಾಗದಕ್ಕೆ ಅವಳು ಓದದೆಯೇ ಸಹಿ ಹಾಕಿದಳು. ಇಷ್ಟು ಮೆತ್ತಗಾದ ಯಲ್ಲಮ್ಮನನ್ನು ನೋಡಿ ಅವನಿಗೆ ಒಂದು ಗಳಿಗೆ ಪಿಚ್ಚೆನಿಸಿತು, ಅಷ್ಟೇ.

"ಈ ಚೀಟಿ ತೋರ್ಸಿ ಕೆಳಗೆ ಬಿಲ್ಲಿಂಗ್ ಕೌಂಟರಲ್ಲಿ ಕ್ಯಾಶ್ ಇಸ್ಕೋ."

"ಇಸ್ಕೊಳ್ಳಲ್ಲ ಸಾರ್, ದುಡ್ಡು ಅಲ್ಲೇ ಇರ್ಲಿ. ಮನೆಗೆ ತಗೊಂಡ್ ಹೋಗೋದು ಬೇರೆ ಇದೆ."

ಗಂಡ ಕುಡುಕನಿರಬೇಕು. ದುಡ್ಡು ಕಂಡರೆ ಕಿತ್ತುಕೊಳ್ಳುವವನು. ಅದಕ್ಕೇ ಅಲ್ಲೇ ಬಚ್ಚಿಡುತ್ತಿದ್ದಾಳೆ, ಜಾಣೆ.

ಯಾರೇ ಆಗಲಿ ಹೊರಡುವಾಗ ಬರ್ತೀನಿ ಎನ್ನುವುದು ವಾಡಿಕೆ. ಕೆಲಸದಿಂದ ತೆಗೆದ ದಿನ ಕೂಡ ಅವಳು "ಬರ್ತೀನಿ ಸಾರ್" ಎಂದೇ ಹೋಗಿದ್ದಳು. ಇವತ್ತು ಆ ಮಾತು ಆಡಲಿಲ್ಲ. ಸುಮ್ಮನೆ ಎದ್ದು ಮೆಟ್ಟಿಲಿಳಿದಳು. ಕೆಲಸ ಆಯಿತು, ಮರ್ಯಾದೆ ಮರೆಯಿತು ಎಂದು ಗೊಣಗಿ ಅವಳ ಪಾಲಿನ ಕಾಫಿಯನ್ನೂ ತಿರುಮಲೇಶನೇ ಕುಡಿದ.

ಲೋಟ ಕೆಳಗಿಡುವಷ್ಟರಲ್ಲಿ ಬಿಲ್ಲಿಂಗ್ ಕೌಂಟರಿನ ಅರ್ಪಿತಳ ಫೋನು ಬಂತು.

"ಸಾರ್, ನೀವು ಬರ್ಕೊಟ್ಟ ದುಡ್ಡನ್ನ ಯಲ್ಲಮ್ಮ ಐಸಿಯು ಬಾಕಿಗೆ ಕಟ್ಟಿದ್ರು, ಬಿಲ್ ಚುಕ್ತಾ ಆಯ್ತು. ಅವ್ರ ಯಜಮಾನ್ರ ಬಾಡಿ ಬಿಟ್ಕೊಡ್ಲಾ?"