ದಿಕ್ಕಿಲ್ಲದವರ ಪಟ್ಟಿ

"ಅಜ್ಜಾರ, ನಿಮಗ ಮಕ್ಕಳು ಅದಾರೇನ್ರಿ?" ಎಂದು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ಕಂಪನಿಯ ದುಂಡೇಶ ಕೇಳಿದಾಗ, ವೈಶಾಲಿಯ ಕೈಯಲ್ಲಿದ್ದ ಚಮಚ ಗಿರಮಲ್ಲಪ್ಪನ ಬಾಯಿಯ ಹತ್ತಿರವೇ ನಿಂತಿತು. ಗಂಜಿ ಅವಳ ಟೀ ಶರ್ಟಿನ ಮೇಲಿದ್ದ ಕಂಪನಿಯ ಹೆಸರಿಗೆ ತೊಟ್ಟಿಕ್ಕಿತು.

ಲಕ್ವಾ ಹೊಡೆದ ತಂದೆಯನ್ನು ನೋಡಿಕೊಳ್ಳಲು ಜಮಖಂಡಿಯ ಆ ಸಾಫ್ಟ್‌ವೇರ್ ಕಂಪನಿ ಅವಳಿಗೆ ರಜೆ ಕೊಟ್ಟಿರಲಿಲ್ಲ. ದಿಕ್ಕಿಲ್ಲದವರ ಸೇವೆಗೆಂದರೆ ಮಾತ್ರ ವಾರಕ್ಕೊಮ್ಮೆ ನಾಲ್ಕು ತಾಸು ಬಿಡುತ್ತಿತ್ತು. ಅದಕ್ಕೇ ಅವಳು ಕಂಪನಿಯ ದಿಕ್ಕಿಲ್ಲದವರ ಪಟ್ಟಿಯಲ್ಲಿ ಬನಹಟ್ಟಿಯ ಈ ಮುದಿ ನೇಕಾರನ ಹೆಸರು ಬರೆಸಿದ್ದಳು, ತನ್ನಪ್ಪನೆಂದು ಹೇಳಿರಲಿಲ್ಲ. ಇವತ್ತು ಕಂಪನಿಯವರು ಬರುತ್ತಾರೆಂದು ತಿಳಿದಾಗ ಅಪ್ಪನಿಗೆ, "ಏನ್ ಕೇಳಿದ್ರೂ ಸುಮ್ಮನ ಕುಂದ್ರಪಾ," ಎಂದಷ್ಟೇ ಹೇಳಿದ್ದಳು.

ಗಿರಮಲ್ಲಪ್ಪ ಸುಮ್ಮನೆ ಕೂರಲಿಲ್ಲ. ಮಗಳ ಮುಖವನ್ನೇ ನೋಡುತ್ತ, "ಯಾರೂ ಇಲ್ರಿ," ಎಂದ. "ಇದ್ದಿದ್ರ ಈ ಕಂಪನಿ ಹುಡುಗಿ ಯಾಕ ಬರತಿದ್ಲು?"

"ಭಾಳ ಛಲೋ ಹೇಳಿದ್ರಿ," ಎಂದು ದುಂಡೇಶ ಮೊಬೈಲು ಕಿಸೆಗೆ ಹಾಕಿಕೊಂಡು ಹೊರಟುಹೋದ. ವೈಶಾಲಿ ಮತ್ತೆ ಚಮಚ ಎತ್ತಿದಳು. "ಅವ್ರು ಹೋದ್ರಪಾ. ಬಾಯಿ ತೆಗಿ."

ಅಪ್ಪ ಸ್ವಾಧೀನವಿದ್ದ ಒಂದೇ ಕೈಯನ್ನು ಹಣೆಗೆ ಹಚ್ಚಿ ಅವಳಿಗೆ ನಮಸ್ಕರಿಸಿದ. "ಸಾಕ್ರೀ ಮೇಡಮ್ಮಾರ. ನಿಮ್ಮ ನಾಕ ತಾಸು ಮುಗದ್ವು."